ದಾರದಲ್ಲಿ ಅಳೆದ ಹೊಸದುರ್ಗ

ಆದಿವಾಲದ ನಮ್ಮ ಮನೆಯಿಂದ ಹೊಸದುರ್ಗಕ್ಕೆ ಹಕ್ಕಿ ಹಾರಿದರೆ ಸುಮಾರು ಎಂಟು ಹರದಾರಿ, ಅಂದರೆ ಇಪ್ಪತ್ತನಾಲ್ಕು ಮೈಲಿ. ಇದನ್ನು ನಾನೇ ಅಳೆದೆ. ಆಗ ನಾನು ಚಿತ್ರದುರ್ಗದ ಕಚೇರಿಯೊಂದರಲ್ಲಿ ನಕ್ಷೆಗಳ ನಕಲು ತೆಗೆಯುವ ಗುಮಾಸ್ತ. ಅವ್ವನಿಗೆ ಕಾಯಿಲೆಯೆಂದು ರಜೆ ಹಾಕಿ ಬಂದಿದ್ದೆ. ಅಕ್ಕನನ್ನು ಕೊಟ್ಟಿದ್ದು ಹೊಸದುರ್ಗಕ್ಕೆ. ಅವಳನ್ನು ಒಮ್ಮೆ ನೋಡಬೇಕು ಅನ್ನುವುದೊಂದೇ ಅವ್ವನ ಬಾಯಲ್ಲಿದ್ದ ಮಾತು.

ಸೋಮವಾರ ಬೆಳಿಗ್ಗೆ ಅಪ್ಪ, "ಇವತ್ತೇ ಆಳು ಕಳ್ಸಾಣ ಕಣಪ್ಪ" ಅಂದ.

ಅವ್ವ ಆಗಷ್ಟೇ ಎರಡು ಗುಟುಕು ಗಂಜಿ ಕುಡಿದಿದ್ದಳು. ಎಳೆಗೂಸಿನ ತಾಯಿಯಾದ ಅಕ್ಕನನ್ನು ಸುಮ್ಮನೆ ಗಾಬರಿಪಡಿಸುವುದು ಬೇಡ, ಒಂದು ದಿನ ನೋಡೋಣ ಎಂದೆ. ಕಚೇರಿಯಿಂದ ತಂದಿದ್ದ ನಕ್ಷೆಯನ್ನು ಜಗಲಿಯ ಮೇಲೆ ಹಾಸಿ, ಎರಡು ಊರುಗಳ ನಡುವೆ ದಾರ ಎಳೆದು ಹಿಡಿದೆ. ಆಳು ಹೋಗಲು ಒಂದು ದಿನ, ಅಕ್ಕನ ಗಾಡಿ ಬರಲು ಒಂದು ದಿನ ಎಂದು ಲೆಕ್ಕ ಹಾಕಿದೆ. ಆ ನಕ್ಷೆ ನಡುವಿನ ಕಣಿವೆಗೆ ಕಟ್ಟೆ ಕಟ್ಟುವುದಕ್ಕೆ ಮುಂಚಿನದು. ದಾರ ಹಾದುಹೋದ ಕಡೆ ಹಳೆಯ ಗಾಡಿದಾರಿಯಿತ್ತು, ನೀರಿರಲಿಲ್ಲ. ನೀರು ನಿಂತದ್ದು ನನಗೆ ಗೊತ್ತಿತ್ತು. ಎಷ್ಟು ದೂರ ಹರಡಿದೆಯೆಂದು ನೋಡಿರಲಿಲ್ಲ.

ಪಕ್ಕದ ಮನೆಯ ಕುರಿಗಾರ ಮುದುಕ, ನಾನು ಮಾವ ಎನ್ನುತ್ತಿದ್ದವನು, ಬಗ್ಗಿ ನೋಡಿದ.

"ಲೇ ಅಳಿಯ, ಈ ದಾರದ ಮೇಲೆ ಹದ್ದು ಹೋಗತೈತೆ, ಎತ್ತು ಹೋಗಲ್ಲ. ಹಿನ್ನೀರು ಸುತ್ತಬೇಕು. ದಾರೀಲಿ ಎರಡು ರಾತ್ರಿ ಗಾಡಿ ಬಿಚ್ಚಿ ತಂಗಬೇಕು."

"ಕುರಿ ಮೇಯಿಸ್ಕಂತ ಹೋದ್ರೆ ನಾಕು ರಾತ್ರಿನೂ ಆಗತೈತೆ, ಮಾವ" ಎಂದೆ. ಜಗಲಿಯಲ್ಲಿದ್ದವರು ನಕ್ಕರು. ಅವನೂ ನಕ್ಕ. ಅಪ್ಪ ನಗಲಿಲ್ಲ; ಆದರೆ ಓದಿದ ಮಗನ ಮಾತು ಮೀರಲಿಲ್ಲ.

ಆಳು ಹೊರಟಿದ್ದು ಮಂಗಳವಾರ ಬೆಳಿಗ್ಗೆ. ಹಿನ್ನೀರು ಸುತ್ತಿ ಹೊಸದುರ್ಗ ಮುಟ್ಟಿದಾಗ ಬುಧವಾರ ಮಧ್ಯಾಹ್ನವಾಗಿತ್ತಂತೆ. ಅದೇ ಹೊತ್ತಿಗೆ ಇಲ್ಲಿ ಅವ್ವ, "ಗಾಡಿ ಸದ್ದು ಬಂತೇನೋ ನೋಡು" ಎನ್ನುತ್ತಿದ್ದಳು. ನಾನು ಹೊರಗೆ ಹೋಗಿ ನೋಡಿ ಬರುತ್ತಿದ್ದೆ. ಗುರುವಾರ ಸಂಜೆ ದೀಪ ಹಚ್ಚುವಾಗ ಅವ್ವ ಹೋದಳು. ಶುಕ್ರವಾರ ಬೆಳಿಗ್ಗೆಯವರೆಗೆ ಕಾದೆವು. ಇನ್ನು ಕಾಯುವುದು ಬೇಡವೆಂದು ಹಿರಿಯರು ಹೇಳಿದರು.

ಅವ್ವನನ್ನು ಮಣ್ಣಿಗಿಟ್ಟು ಬಂದು ಸ್ನಾನ ಮಾಡಿ ಕುಳಿತಿದ್ದೆವು. ಮಧ್ಯಾಹ್ನ ಗಾಡಿ ಬಂತು. ಅಕ್ಕ ಕಂಕುಳಲ್ಲಿ ಕೂಸು, ಕೈಯಲ್ಲಿ ಬುತ್ತಿಗಂಟು ಹಿಡಿದು ಇಳಿದಳು. ನಮ್ಮ ಒದ್ದೆ ತಲೆ ನೋಡಿ ಅಲ್ಲೇ ಕುಸಿದು ಕೂತಳು.

"ನನ್ನಿಂದಲೇ ತಡ ಆತು ಅಪ್ಪ. ಅವ್ವಗೆ ಅಂತ ಎರಡು ರೊಟ್ಟಿ ಸುಟ್ಕಂಡು ಹೊರಟೆ."

ಅಪ್ಪ ನನ್ನ ಕಡೆ ಒಮ್ಮೆ ನೋಡಿದ. "ಇಲ್ಲ ತಾಯಿ, ದಾರಿನೇ ದೂರ" ಅಂದ.

ಅಕ್ಕ ಕೊನೆಯವರೆಗೂ ಆ ರೊಟ್ಟಿಯ ಮಾತು ಆಡುತ್ತಿದ್ದಳು. ಹೋದ ವರ್ಷ ಅವಳೂ ತೀರಿಕೊಂಡಳು. ಎರಡು ರೊಟ್ಟಿ ಸುಡಲು ಒಂದು ಗಳಿಗೆಯೂ ಬೇಡ. ನಾನು ತಡೆದದ್ದು ಒಂದು ಹಗಲು, ಒಂದು ರಾತ್ರಿ. ಸೋಮವಾರವೇ ಆಳು ಹೊರಟಿದ್ದರೆ, ಗುರುವಾರ ಮಧ್ಯಾಹ್ನ ಅಕ್ಕ ಅವ್ವನ ಪಕ್ಕದಲ್ಲಿರುತ್ತಿದ್ದಳು. ಅಷ್ಟನ್ನು ನಾನು ಅವಳಿಗೆ ಹೇಳಲಿಲ್ಲ.