ಕಣದ ಮೇಲೆ ಲಾನ್

ಹುಲ್ಲು ಕೀಳಲು ಆಳು ಸಿಗದೆ ಊರೆಲ್ಲ ಒದ್ದಾಡುತ್ತಿರುವಾಗ ನಾನು ಹುಲ್ಲು ನೆಡುತ್ತಿದ್ದೆ. ಪಕ್ಕದ ತೋಟದವರು ಜೀಪು ನಿಲ್ಲಿಸಿ ನೋಡಿ, ನಮ್ಮಲ್ಲಿ ಬೇಕಾದಷ್ಟಿದೆ, ಬಂದು ಕಿತ್ತುಕೊಂಡು ಹೋಗಿ ಮಾರಾಯ್ರೆ ಎಂದು ನಕ್ಕು ಹೋದರು. ಅವರಿಗೇನು, ತಮಾಷೆ. ಆ ಹುಲ್ಲು ಬೇರು ಹಿಡಿಯದಿದ್ದರೆ ನಾನು ಮನೆ ಬಿಟ್ಟು ಹೊರಗೆ ಕಾಲಿಡುವಂತಿರಲಿಲ್ಲ.

ವಿಷಯ ಇಷ್ಟೇ. ಮದುವೆಗೆ ಮೊದಲು ನಾನು ಗಣಿತ ಪಾಠ ಮಾಡುತ್ತಿದ್ದವಳು. ಮೂಡಿಗೆರೆಯ ಒಂದು ಶಾಲೆಯಲ್ಲಿ ಕೆಲಸ ಖಾಲಿಯಿತ್ತು. ದಸರಾ ರಜೆಯವರೆಗೆ ಕಾಯುತ್ತೇವೆ ಎಂದು ಹೆಡ್‌ಮಿಸ್ ಹೇಳಿದ್ದರು. ಆದರೆ ನಮ್ಮ ಮನೆಯವರು ಅರ್ಧ ಮನೆಯನ್ನು ಹೋಂಸ್ಟೇ ಮಾಡಿದ್ದರು. ದೇವರಮನೆ ಬೆಟ್ಟ ನೋಡಲು ಬಂದು ಉಳಿಯುವವರಿಗೆ ಕೂರಲು ಮನೆ ಮುಂದೆ ಲಾನ್ ಬೇಕಂತೆ. "ಲಾನ್ ಒಂದು ಹಿಡೀಲಿ, ಆಮೇಲೆ ಶಾಲೆಗೆ ಹೋಗು. ನಾನೇನು ಬೇಡ ಅಂದಿದ್ದೀನಾ?" ಎಂದರು. ಬೇಡ ಎಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಮುಂದಿನ ಅಂಗಳ ವರ್ಷಗಳಿಂದ ಪಾಳು ಬಿದ್ದಿತ್ತು. ಕಾಫಿ ಹೂವಿನ ಮಳೆ ಬಿದ್ದ ಮೇಲೆ ಮುಟ್ಟಿದರೆ ಮುನಿ ಕಿತ್ತು, ಕಲ್ಲು ಆರಿಸಿ, ಒಂದು ಪದರ ಕೆಂಪು ಮಣ್ಣು ಹರಡಿ ಹುಲ್ಲು ಹಾಸಿದೆವು. ಸ್ವಲ್ಪ ದಿನಕ್ಕೇ ಹಳದಿಯಾಯಿತು. ನೋಡಿದವರು ನೀರು ಸಾಲದು ಎಂದರು, ಹಾಕಿದೆ. ಹೆಚ್ಚಾಯಿತು ಎಂದರು, ನಿಲ್ಲಿಸಿದೆ. ಸುಣ್ಣ ಹಾಕಿದೆ, ಯೂರಿಯಾ ಹಾಕಿದೆ. ಮಳೆಗಾಲ ಶುರುವಾದದ್ದೇ ಬುಡ ಕೊಳೆತು ನಾರತೊಡಗಿತು. ತಂಗಿಯ ಮಗುವಿನ ನಾಮಕರಣಕ್ಕೂ ತವರಿಗೆ ಹೋಗಲಿಲ್ಲ. ಇದನ್ನು ನೋಡಿಕೊಳ್ಳುವವರು ಯಾರು? ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೆ ಅದೇ ದರಿದ್ರ ಹಳದಿ.

ಒಂದು ದಿನ ಸಿಟ್ಟು ನೆತ್ತಿಗೇರಿ ಹಾರೆ ತಂದು ಚುಚ್ಚಿದೆ. ಗೇಣುದ್ದವೂ ಇಳಿಯದೆ ಠಣ್ ಎಂದಿತು. ಬಂಡೆಯೇನೋ ಎಂದು ಬೇರೆ ಕಡೆ ಚುಚ್ಚಿದೆ. ಎಲ್ಲಾ ಕಡೆ ಅದೇ. ಜಗಲಿಯಲ್ಲಿ ಎಲೆಅಡಿಕೆ ಮೆಲ್ಲುತ್ತಿದ್ದ ಅತ್ತೆ, "ಅದು ಕಾಫಿ ಒಣಗಿಸ್ತಿದ್ದ ಕಣ ಅಲ್ವೇನೇ. ನಾನೂ ಬಡಿದಿದ್ದೀನಿ" ಎಂದರು. ಸಿಮೆಂಟಿನ ಕಣ ಬರುವ ಮೊದಲು ಪ್ರತಿ ಕುಯ್ಲಿಗೂ ನೀರು ಚಿಮುಕಿಸಿ, ದಿಮ್ಮಸಿನಲ್ಲಿ ಬಡಿದು ಗಟ್ಟಿ ಮಾಡಿ, ಸಗಣಿ ಸಾರಿಸಿ, ಒಂದು ಹುಲ್ಲುಕಡ್ಡಿಯೂ ಏಳದಂತೆ ಮಾಡಿದ ನೆಲ ಅದು. ಮೊದಲೇ ಏಕೆ ಹೇಳಲಿಲ್ಲ ಎಂದರೆ, ನನ್ನನ್ನು ಯಾರು ಕೇಳಿದ್ದರು ಎಂದರು. ಅದೂ ನಿಜವೇ. ಆ ಮನೆಯಲ್ಲಿ ನಮ್ಮಿಬ್ಬರನ್ನೂ ಯಾರೂ ಏನೂ ಕೇಳುತ್ತಿರಲಿಲ್ಲ.

ಕಾರಣ ತಿಳಿದ ಮೇಲೆ ಬಿಡಲಿಲ್ಲ. ಇಡೀ ಅಂಗಳ ಅಗೆಸಿದೆ, ಅರ್ಧ ನಾನೇ ಅಗೆದೆ. ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ, ನೀರು ಬಸಿಯಲು ಅಂಚಿಗೆ ಚರಂಡಿ ತೆಗೆಸಿ ಹೊಸದಾಗಿ ನೆಟ್ಟೆ. ಮಳೆ ಕಮ್ಮಿಯಾಗುವ ಹೊತ್ತಿಗೆ ಅಂಗಳ ತುಂಬಾ ಹಸಿರು. ಎಳೆದರೂ ಕಿತ್ತು ಬರಲಿಲ್ಲ. ಪೆಟ್ಟಿಗೆಯಲ್ಲಿದ್ದ ಕಾಟನ್ ಸೀರೆಗಳನ್ನು ತೆಗೆದು ಗಂಜಿ ಹಾಕಿ ಇಸ್ತ್ರಿ ಮಾಡಿಟ್ಟೆ.

ದಸರಾ ರಜೆ ಮುಗಿಯುತ್ತಾ ಬಂದಾಗ ಮನೆಯವರು ಚಿಕ್ಕಮಗಳೂರಿನಿಂದ ಹುಲ್ಲು ಕತ್ತರಿಸುವ ಮಷಿನ್ ತಂದು ಜೀಪಿನಿಂದ ಇಳಿಸಿದರು. ನನಗಾಗಿಯೇ ತಂದದ್ದು. ಅವರ ಮುಖದಲ್ಲಿ ನಿಜವಾದ ಖುಷಿಯಿತ್ತು, ಕಷ್ಟವೇ ಅದು. ಶಾಲೆಯ ಮಾತೆತ್ತಿದೆ.

"ಇಷ್ಟು ಚೆನ್ನಾಗಿ ಬೆಳೆಸಿದ್ದೀಯ. ಇದನ್ನ ಇನ್ನು ಬೇರೆಯವ್ರ ಕೈಗೆ ಕೊಡಕ್ಕಾಗತ್ತಾ, ನೀನೇ ಹೇಳು" ಎಂದರು.

ಶಾಲೆಗೆ ಬೇರೆ ಟೀಚರ್ ಬಂದರು. ಉಳಿಯಲು ಬಂದವರು ಬರಿಗಾಲಿನಲ್ಲಿ ಅಂಗಳದಲ್ಲಿ ನಡೆದು, ಇಷ್ಟು ಚೆಂದದ ಲಾನ್ ಯಾರು ಮಾಡಿದ್ದು ಎಂದು ಕೇಳುತ್ತಾರೆ. ಮನೆಯವರು ಹೆಮ್ಮೆಯಿಂದ ನನ್ನ ಕಡೆ ಕೈ ತೋರಿಸುತ್ತಾರೆ. ನಾನು ನಕ್ಕು, ಅವರಿಗೆಲ್ಲ ಕಾಫಿ ತರಲು ಒಳಗೆ ಹೋಗುತ್ತೇನೆ.