ನನಗೆ ಕೊಡದ ಎರಡನೆಯ ಅರ್ಥ

ಇವತ್ತು ಗದ್ವಾಲದ ಬಸ್ಸಿನಲ್ಲಿ ಪಕ್ಕದ ಹುಡುಗಿ ಮೊಬೈಲಿನಲ್ಲಿ ಅರಬ್ಬಿ ಪಾಠ ಕೇಳುತ್ತಿದ್ದಳು. ‘ವಾವ್, ಜೀಮ್, ಫಾ’ ಎಂದು ಕಿವಿಗೆ ಬಿದ್ದದ್ದೇ ತಡ, ನನ್ನ ಮೈ ಉರಿಯಿತು.

ನಾನು ಚಿಕ್ಕವಳಿದ್ದಾಗ ಮಕ್ತಲದಲ್ಲಿ ಅಮ್ಮನ ತಂದೆ, ನಮ್ಮ ನಾನಾ, ನನಗೂ ಅಣ್ಣನಿಗೂ ಮನೆಯಲ್ಲೇ ಅರಬ್ಬಿ ಕಲಿಸುತ್ತಿದ್ದರು. ಎಲೆಯಡಿಕೆ ಅಗಿಯುತ್ತಾ ಒಂದೊಂದು ಪದದ ಬೇರು ಬಿಡಿಸುತ್ತಿದ್ದರು. ಒಂದು ದಿನ ಈ ಮೂರು ಅಕ್ಷರದ ಬೇರು ಬಂತು.

“ಎದಿ ನಡುಗೋದಕ್ಕೂ ಇದ ಬೇರು, ಕುದುರಿ ಜೋರ್ ಓಡೋದಕ್ಕೂ ಇದ ಬೇರು.”

ನಾನು ಕುಣಿದುಬಿಟ್ಟೆ. “ನಾನಾ, ಓಡೋ ಪದ ಎಲ್ಲಾ ನಂಗ ಹೇಳ್ರಿ!”

“ನಿನಗ ಎದಿ ನಡುಗೋದು ಸಾಕು ಬೇಟಿ. ಓಡೋದು ನಿಮ್ಮಣ್ಣಗಿರಲಿ. ದೊಡ್ಡಾಕಿ ಆದಿ, ನಾಳಿಂದ ಅಡಿಗಿ ಕೆಲಸ ಕಲಿ.”

ನನ್ನ ಪುಸ್ತಕ ಮಡಚಿ ಅಣ್ಣನ ಕಡೆ ತಳ್ಳಿದರು. ಬಾಗಿಲಲ್ಲಿ ನಿಂತಿದ್ದ ಅಮ್ಮ ಅಡಿಗೆಮನೆಗೆ ಹೊರಟುಹೋದಳು. ನಾನು ಬರಿಗಾಲಲ್ಲಿ ನಾರಾಯಣಪೇಟೆ ರಸ್ತೆಗುಂಟ ಉಸಿರು ಕಟ್ಟುವವರೆಗೆ ಓಡಿದೆ. ಹಿಂದಿರುಗಿದಾಗ ನಾನು ಪಾಠಕ್ಕೆ ಕೂರುತ್ತಿದ್ದ ಚಾಪೆ ಸುತ್ತಿಟ್ಟಿದ್ದರು.

ಬೇಸಿಗೆ ಮುಗಿಯುವ ಮೊದಲೇ ಅಣ್ಣ ಕಲಿಯುವುದು ಬಿಟ್ಟ. ಆ ಖಾಲಿ ಜಾಗಕ್ಕೂ ನನ್ನನ್ನು ಯಾರೂ ಕರೆಯಲಿಲ್ಲ.

“ಆ ಕಾಲ ಹಂಗಿತ್ತು, ಬಿಡು,” ಎನ್ನುತ್ತಾನೆ ಅವನು ಈಗಲೂ. ಬಿಡುವುದಿಲ್ಲ. ಬಸ್ಸಿಳಿಯುವ ಮುನ್ನ ಆ ಹುಡುಗಿಗೆ ಹೇಳಿದೆ: “ಪೂರ್ತಿ ಕಲಿ. ಯಾರಾರ ಬಿಡು ಅಂದ್ರ, ಜಗಳಾ ಮಾಡು.”