ಪ್ಲಾಟ್‌ಫಾರ್ಮಿನ ಮೇಲೆ ನಿಂತ ನಾಯಕ

ಪುಣೆಯ ಮಗರಪಟ್ಟಾದ ಮಧುಕರರಾಯರಿಗೆ ಕಾದಂಬರಿ ಅಂದರೆ ಪ್ರಾಣ. ಪುಟ ಮಾತ್ರ ಮುಂದೆ ಸರಿಯುವುದಿಲ್ಲ. ನಾಯಕ ಗದಗಿನಲ್ಲಿ ರೈಲು ಇಳಿದರೆ ಸಾಕು, "ತಡಿ, ಸ್ಟೇಶನ್ ಹೆಂಗದ ನೋಡೂಣು" ಎಂದು ಫೋನು ತೆಗೆದು, ಅಲ್ಲಿಂದ ಜಪಾನಿನ ರೈಲು ಹತ್ತಿ, ಆನೆಮರಿಯ ಸ್ನಾನ ನೋಡಿ, ಮಂಡಿನೋವಿನ ಎಣ್ಣೆಯ ಜಾಹೀರಾತಿಗೆ ಬಂದು ನಿಲ್ಲುತ್ತಾರೆ. ನಾಯಕ ಪಾಪ, ಪ್ಲಾಟ್‌ಫಾರ್ಮಿನ ಮೇಲೇ ನಿಂತಿರುತ್ತಾನೆ. ಮರಳಿ ಪುಸ್ತಕ ಹಿಡಿದರೆ ಹೆಬ್ಬೆರಳು ತಾನಾಗಿಯೇ ಹಾಳೆಯನ್ನು ಮೇಲಕ್ಕೆ ಸರಿಸಲು ನೋಡುತ್ತದೆ. ಸಂಜೆಯದೇ ಬೇರೆ ಕತೆ. ಕಣ್ಣು ಮಂಜಾದ ಹೆಂಡತಿ ಗೋದಾಬಾಯಿ ಜೋಕಾಲಿಯ ಮೇಲೆ ಕೂತು "ಮುಂದೇನಾತ್ರಿ?" ಎನ್ನುತ್ತಾರೆ, ರಾಯರು ಗಟ್ಟಿಯಾಗಿ ಓದುತ್ತಾರೆ, ಫೋನು ಎಷ್ಟು ಬಡಕೊಂಡರೂ ತಲೆ ಎತ್ತುವುದಿಲ್ಲ. ಆ ಕಾದಂಬರಿ ಗೋದಾಬಾಯಿಗೆ ಮದುವೆಗೆ ಮೊದಲೇ ಬಾಯಿಪಾಠ. ಅದು ರಾಯರಿಗೂ ಗೊತ್ತು. ಆದರೂ ಅವರು ಕೇಳುತ್ತಾರೆ, ಇವರು ಓದುತ್ತಾರೆ, ನಾಯಕ ಮನೆ ಮುಟ್ಟುತ್ತಾನೆ.